ವಾಸ್ಕೋದ ಕಡಲಂಚು: ಕ್ರೂಸ್ ಹಡಗು ಬಂದರೆ ಕಲ್ಲಿದ್ದಲು ಹೋಗುತ್ತದೆಯೇ?

ಗೋವಾದ ವಾಸ್ಕೋ ಬಗ್ಗೆ ಬರುತ್ತಿರುವ ಸುದ್ದಿಗಳನ್ನು ಒಟ್ಟಿಗಿಟ್ಟು ಓದಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಮರ್ಮಗೋವಾ ಬಂದರಿನಲ್ಲಿ ಕ್ರೂಸ್ ಪ್ರವಾಸಿಗರಿಗೆ ಹೊಸ ಟರ್ಮಿನಲ್, ಕಡಲಂಚಿಗೆ ಹೊಸ ರೂಪ ಎನ್ನುತ್ತದೆ ಒಂದು ಸುದ್ದಿ. ಅದೇ ಬಂದರಿನಲ್ಲಿ ಇನ್ನಷ್ಟು ಕಲ್ಲಿದ್ದಲು ಇಳಿಸುವ ಮಾತು, ಅದರ ವಿರುದ್ಧ ‘ಗೋಯಾಂತ್ ಕೊಳಸೊ ನಾಕಾ’ (ಗೋವಾದಲ್ಲಿ ಕಲ್ಲಿದ್ದಲು ಬೇಡ) ಎಂದು ಸಭೆ ಸೇರುತ್ತಿರುವ ಊರುಗಳು ಇನ್ನೊಂದು ಸುದ್ದಿ. ಮೋಪಾದಲ್ಲಿ ಗೋವಾದ ಎರಡನೇ ವಿಮಾನ ನಿಲ್ದಾಣ ಶುರುವಾದ ಮೇಲೆ ವಾಸ್ಕೋ ಪಕ್ಕದ ಹಳೆಯ ನಿಲ್ದಾಣ ದಾಬೋಳಿಯಲ್ಲಿ ನೌಕಾಪಡೆಯ ಜಾಗ ಖಾಲಿಯಾಗುತ್ತದಂತೆ ಎಂಬ ಗುಸುಗುಸು ಮೂರನೆಯದು.

ಬೈನಾ, ಸಡಾ, ಜುವಾರಿನಗರಗಳಲ್ಲಿ ಎರಡು ಮೂರು ತಲೆಮಾರಿನಿಂದ ಬೀಡುಬಿಟ್ಟಿರುವ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯ ಕುಟುಂಬಗಳಿಗೆ ಈ ಮೂರೂ ಸುದ್ದಿಗಳಿಂದ ಹುಟ್ಟುವ ಪ್ರಶ್ನೆ ಒಂದೇ: ಮನೆ ಉಳಿಯುತ್ತದೋ ಇಲ್ಲವೋ. ಅದಕ್ಕೆ ಉತ್ತರ ಹುಡುಕಬೇಕಾದರೆ ಟರ್ಮಿನಲ್ಲಿನ ಬಣ್ಣದ ಚಿತ್ರವನ್ನು ಬದಿಗಿಟ್ಟು, ನೆಲ ಯಾರ ಕೈಯಲ್ಲಿದೆ, ಸರಕು ಯಾರಿಗೆ ಬೇಕಾಗಿದೆ, ಕರಾರು ಯಾವಾಗ ಮುಗಿಯುತ್ತದೆ ಎಂದು ನೋಡಬೇಕು.

ಒಂದು ಭೂಶಿರ, ಎರಡು ದಡ

ವಾಸ್ಕೋ ಸಣ್ಣ ಊರು. ಮರ್ಮಗೋವಾ ಪುರಸಭೆಯ ವ್ಯಾಪ್ತಿಯಲ್ಲಿ ಒಂದು ಲಕ್ಷದ ಆಜುಬಾಜು ಜನ. ಸಮುದ್ರಕ್ಕೆ ಚಾಚಿಕೊಂಡ ಭೂಶಿರದ ನೆತ್ತಿಯ ಮೇಲೆ ಸಡಾ. ಬಂದರಿನ ನೌಕರರ ಕಾಲೊನಿ ಇರುವುದು ಅಲ್ಲೇ. ಉತ್ತರದ ಇಳಿಜಾರಿನ ಬುಡದಲ್ಲಿ, ಜುವಾರಿ ನದಿ ಸಮುದ್ರ ಸೇರುವ ಕಡೆ, ಬಂದರಿನ ಬರ್ತ್‌ಗಳು (ಹಡಗು ನಿಲ್ಲುವ ಕಟ್ಟೆಗಳು), ರೈಲು ಹಳಿ, ಖಾರೀವಾಡೊ ಮೀನುಗಾರರ ಜೆಟ್ಟಿ. ದಕ್ಷಿಣದ ಕಡೆ ಬೈನಾ ಕಡಲತೀರ. ಊರಿನ ಪೂರ್ವಕ್ಕೆ ವಡ್ಡೆಂನಲ್ಲಿ ಗೋವಾ ಶಿಪ್‌ಯಾರ್ಡ್, ಇನ್ನೂ ಆಚೆ ದಾಬೋಳಿಯ ಪ್ರಸ್ಥಭೂಮಿಯ ಮೇಲೆ ನೌಕಾಪಡೆಯ ವಿಮಾನ ನೆಲೆ.

ಬಂದರು, ರೈಲ್ವೆ, ನೌಕಾಪಡೆ, ಶಿಪ್‌ಯಾರ್ಡ್ ನಾಲ್ಕೂ ಕೇಂದ್ರ ಸರ್ಕಾರಕ್ಕೆ ಸೇರಿದವು. ಕಡಲಂಚಿನ ಮುಖ್ಯ ಜಾಗವೆಲ್ಲ ಇವುಗಳ ಕೈಯಲ್ಲಿದೆ. ಪುರಸಭೆಗೆ ಉಳಿದಿರುವುದು ನಡುವಿನ ರಸ್ತೆ, ಚರಂಡಿ, ಮಾರುಕಟ್ಟೆ. ಗೋವಾ ಸರ್ಕಾರ ‘ಮಾಡುತ್ತೇವೆ’ ಎಂದು ಹೇಳುವ ಬಹುಪಾಲು ಕೆಲಸಗಳನ್ನು ಮಾಡುವ ಅಧಿಕಾರ ಅದಕ್ಕೇ ಇಲ್ಲ. ಈ ಊರಿನ ರಾಜಕೀಯ ಗೊಂದಲದ ಅರ್ಧ ಭಾಗ ಇಲ್ಲಿಂದಲೇ ಹುಟ್ಟುತ್ತದೆ.

ಘಟ್ಟದ ಮೇಲಿನ ಸರಕಿಗಾಗಿ ಹುಟ್ಟಿದ ಬಂದರು

ಮರ್ಮಗೋವಾ ಬಂದರನ್ನು ಗೋವಾದ ಅಗತ್ಯಕ್ಕೆಂದು ಕಟ್ಟಿದ್ದಲ್ಲ. 1878ರಲ್ಲಿ ಬ್ರಿಟಿಷರು ಮತ್ತು ಪೋರ್ಚುಗೀಸರು ಮಾಡಿಕೊಂಡ ಒಪ್ಪಂದದ ಬೆನ್ನಿಗೆ ಬಂದರು ಮತ್ತು ರೈಲು ಮಾರ್ಗದ ಕೆಲಸ ಶುರುವಾಯಿತು. 1888ರ ಹೊತ್ತಿಗೆ ಹಳಿಗಳು ಘಟ್ಟ ಹತ್ತಿ ಕ್ಯಾಸಲ್‌ರಾಕ್ ಕಡೆಯಿಂದ ಬ್ರಿಟಿಷ್ ಭಾರತದ ಜಾಲಕ್ಕೆ ಸೇರಿದವು. ಧಾರವಾಡ, ಬಳ್ಳಾರಿ ಸೀಮೆಯ ಹತ್ತಿ ಈ ದಾರಿಯಲ್ಲಿ ಹಡಗು ಹತ್ತುತ್ತದೆ ಎಂಬುದು ಆಗಿನ ಲೆಕ್ಕಾಚಾರ. ಲೆಕ್ಕ ಅಂದುಕೊಂಡಷ್ಟು ಫಲಿಸಲಿಲ್ಲ. ಆದರೆ ಹಿನ್ನಾಡು ಕರ್ನಾಟಕ, ಬಾಗಿಲು ವಾಸ್ಕೋ ಎಂಬ ನಂಟು ಅಂದಿನಿಂದ ಇಂದಿನವರೆಗೂ ತಪ್ಪಿಲ್ಲ.

ಸೇನೆಯ ನೆರಳೂ ಅಷ್ಟೇ ಹಳೆಯದು. ಭೂಶಿರದ ಕೋಟೆಯ ಕೆಲಸ ಶುರುವಾದದ್ದು 1624ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಪೋರ್ಚುಗಲ್ ತಟಸ್ಥವಾಗಿದ್ದ ಕಾರಣ ಜರ್ಮನಿಯ ಸರಕು ಹಡಗುಗಳು ಇಲ್ಲಿ ಆಶ್ರಯ ಪಡೆದಿದ್ದವು. 1943ರ ಮಾರ್ಚ್‌ನಲ್ಲಿ ಕಲ್ಕತ್ತಾದಿಂದ ಬಂದ ಬ್ರಿಟಿಷ್ ತಂಡವೊಂದು ಅವುಗಳ ಮೇಲೆ ರಾತ್ರಿ ದಾಳಿ ಮಾಡಿತು. 1961ರ ಡಿಸೆಂಬರ್ 18ರಂದು ಭಾರತದ ನೌಕಾಪಡೆ ಇದೇ ಕೊಲ್ಲಿಯಲ್ಲಿ ‘ಅಫೊನ್ಸೊ ದ ಅಲ್ಬುಕರ್ಕ್’ ಎಂಬ ಪೋರ್ಚುಗೀಸ್ ಯುದ್ಧನೌಕೆಯನ್ನು ಎದುರಿಸಿತು. ಗೋವಾ ಭಾರತಕ್ಕೆ ಸೇರಿದ ಮೇಲೆ ಪೋರ್ಚುಗೀಸರು ಕಟ್ಟಿದ್ದ ದಾಬೋಳಿ ವಿಮಾನ ನಿಲ್ದಾಣ ನೌಕಾಪಡೆಯ ಕೈಗೆ ಬಂತು. 1964ರಲ್ಲಿ ಐಎನ್‌ಎಸ್ ಹಂಸ ಎಂಬ ನೌಕಾ ವಿಮಾನ ನೆಲೆ ಅಲ್ಲಿಗೆ ಸ್ಥಳಾಂತರವಾಯಿತು, ಹಿಂದಿನ ವರ್ಷವಷ್ಟೇ ಮರ್ಮಗೋವಾ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತ್ತು.

ಕೆಂಪು ಧೂಳು ಹೋಗಿ ಕಪ್ಪು ಧೂಳು

ಬಂದರಿಗೆ ಅನ್ನ ಹಾಕಿದ್ದು ಕಬ್ಬಿಣದ ಅದಿರು. ಗಣಿಯಿಂದ ಟಿಪ್ಪರ್‌ನಲ್ಲಿ ನದಿ ದಡಕ್ಕೆ, ಅಲ್ಲಿಂದ ಚಪ್ಪಟೆ ತಳದ ಸರಕು ದೋಣಿಯಾದ ಬಾರ್ಜ್‌ನಲ್ಲಿ ಮಾಂಡವಿ, ಜುವಾರಿಗಳ ಮೂಲಕ ಬಂದರಿಗೆ, ಅಲ್ಲಿಂದ ಚೀನಾ, ಜಪಾನಿಗೆ. ಹೊಸಪೇಟೆ ಭಾಗದ ಅದಿರೂ ರೈಲಿನಲ್ಲಿ ಇಳಿದು ಬರುತ್ತಿತ್ತು. ಉತ್ತರ ಕರ್ನಾಟಕದ ಕೂಲಿಕಾರರು ವಾಸ್ಕೋ ರೈಲು ಹತ್ತಿದ್ದರ ಹಿಂದೆ ಬರಗಾಲ ಎಷ್ಟಿತ್ತೋ ಬಂದರಿನ ಈ ಕೆಲಸವೂ ಅಷ್ಟೇ ಇತ್ತು. 2010–11ರಲ್ಲಿ ಬಂದರು ಒಟ್ಟು ಸುಮಾರು 5 ಕೋಟಿ ಟನ್ ಸರಕು ನಿಭಾಯಿಸಿತು, ಅದರಲ್ಲಿ ಬಹುಪಾಲು ಅದಿರೇ.

ಆಮೇಲೆ ಸಾಲುಸಾಲಾಗಿ ಬಾಗಿಲು ಮುಚ್ಚಿದವು. 2011ರಲ್ಲಿ ಬಳ್ಳಾರಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ. ಅಕ್ರಮ ಗಣಿಗಾರಿಕೆಯ ತನಿಖೆ ಮಾಡಿದ ಷಾ ಆಯೋಗದ ವರದಿಯ ನಂತರ 2012ರಲ್ಲಿ ಗೋವಾದಲ್ಲೂ ತಡೆ. 2014ರಲ್ಲಿ ವರ್ಷಕ್ಕೆ 2 ಕೋಟಿ ಟನ್ ಮಿತಿ ಹಾಕಿ ಅನುಮತಿ ಸಿಕ್ಕಿತಾದರೂ, 2018ರ ಫೆಬ್ರವರಿಯಲ್ಲಿ ಕೋರ್ಟು 88 ಗಣಿ ಗುತ್ತಿಗೆಗಳ ನವೀಕರಣವನ್ನೇ ರದ್ದುಮಾಡಿತು. ಬಾರ್ಜ್‌ಗಳು ದಡ ಸೇರಿದವು, ಟಿಪ್ಪರ್ ಕೊಂಡವರು ಸಾಲದಲ್ಲಿ ಮುಳುಗಿದರು.

ಬಂದರಿನ ಖರ್ಚು ಮಾತ್ರ ನಿಲ್ಲಲಿಲ್ಲ. ನೌಕರರ ಸಂಬಳ, ನಿವೃತ್ತರ ಪಿಂಚಣಿ, ಹೂಳು ತೆಗೆಯುವ ಖರ್ಚು ಎಲ್ಲವನ್ನೂ ಬಂದರು ತಾನೇ ದುಡಿದು ತೂಗಿಸಬೇಕು. ಅದಿರು ಬಿಟ್ಟುಹೋದ ಜಾಗವನ್ನು ಕಲ್ಲಿದ್ದಲು ತುಂಬಿತು. 5ಎ, 6ಎ ಬರ್ತ್‌ಗಳನ್ನು ಜೆಎಸ್‌ಡಬ್ಲ್ಯು ಸಮೂಹದ ಸೌತ್ ವೆಸ್ಟ್ ಪೋರ್ಟ್ ನಡೆಸುತ್ತದೆ, 7ನೇ ಬರ್ತ್ ಅದಾನಿ ಸಮೂಹದ್ದು. ಇಬ್ಬರೂ ಬಂದರಿನಿಂದ 30 ವರ್ಷದ ಕರಾರಿನ ಮೇಲೆ ಪಡೆದವರು. ಕಲ್ಲಿದ್ದಲು ಮೊದಲೂ ಬರುತ್ತಿತ್ತು, ಅದಿರಿನ ನೆರಳಿನಲ್ಲಿ ಯಾರ ಕಣ್ಣಿಗೂ ಅಷ್ಟಾಗಿ ಬಿದ್ದಿರಲಿಲ್ಲ. ಅದಿರು ನಿಂತ ಮೇಲೆ ಬಂದರಿನ ಮುಖ್ಯ ಆದಾಯವೇ ಅದಾಯಿತು. ವಾಸ್ಕೋದ ಬಂದರು ಕಡೆಯ ಮನೆಗಳಲ್ಲಿ ಬೆಳಗ್ಗೆ ಒರೆಸಿದ ಕಿಟಕಿಯ ಕಟ್ಟೆಯ ಮೇಲೆ ಸಂಜೆ ಬೆರಳಾಡಿಸಿದರೆ ಕಪ್ಪು ಹತ್ತುತ್ತದೆ. ಬಟ್ಟೆ ಹೊರಗೆ ಒಣಹಾಕುವವರು ಗಾಳಿಯ ದಿಕ್ಕು ನೋಡಿಕೊಳ್ಳುತ್ತಾರೆ. ಮುಚ್ಚಿದ ಶೆಡ್ಡು, ನೀರು ಚಿಮುಕಿಸುವ ಯಂತ್ರ, ತಾಡಪತ್ರಿ ಹೊದಿಸಿದ ವ್ಯಾಗನ್ ಎಂದು ಬಂದರಿನವರು ಪಟ್ಟಿ ಕೊಡುತ್ತಾರೆ. ಕ್ರಮಗಳಿಂದ ಧೂಳು ತಗ್ಗಿರಬಹುದು. ಜನವಸತಿಗೆ ಇಷ್ಟು ಹತ್ತಿರ ಕಲ್ಲಿದ್ದಲು ಇಳಿಸಿ ಒಂದು ಚಿಟಿಕೆಯೂ ಹಾರದಂತೆ ನೋಡಿಕೊಳ್ಳುತ್ತೇವೆ ಎಂಬ ಮಾತನ್ನು ಮಾತ್ರ ನಂಬುವುದು ಕಷ್ಟ.

ತೋರಣಗಲ್ಲಿನ ಕುಲುಮೆಗೆ ಇದೇ ದಾರಿ ಯಾಕೆ

ಈ ಕಲ್ಲಿದ್ದಲಿನಲ್ಲಿ ದೊಡ್ಡ ಪಾಲು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಊದುಕುಲುಮೆಗೆ ಬೇಕಾಗುವುದು ಕೋಕ್ ಆಗಬಲ್ಲ ವಿಶೇಷ ಕಲ್ಲಿದ್ದಲು. ಅದು ಉರಿದು ಶಾಖ ಕೊಡುವುದಲ್ಲದೆ ಅದಿರಿನ ಆಮ್ಲಜನಕವನ್ನು ಎಳೆದು ಕಬ್ಬಿಣವನ್ನು ಬಿಡಿಸಬೇಕು, ಮೇಲಿನ ಅದಿರಿನ ಭಾರಕ್ಕೆ ಪುಡಿಯಾಗದೆ ನಿಲ್ಲಲೂ ಬೇಕು. ಭಾರತದಲ್ಲಿ ಅಂಥ ಕಲ್ಲಿದ್ದಲು ಕಡಿಮೆ, ಇರುವುದರಲ್ಲೂ ಬೂದಿಯ ಅಂಶ ಹೆಚ್ಚು. ಹಾಗಾಗಿ ಹೆಚ್ಚಿನದು ಆಸ್ಟ್ರೇಲಿಯಾದಂಥ ದೇಶಗಳಿಂದ ಸಮುದ್ರದ ಮೇಲೆಯೇ ಬರಬೇಕು. ಈ ವಿಧಾನದಲ್ಲಿ ಒಂದು ಟನ್ ಉಕ್ಕಿಗೆ ಹೆಚ್ಚುಕಮ್ಮಿ ಮುಕ್ಕಾಲು ಟನ್ ಕಲ್ಲಿದ್ದಲು ಬೇಕು. ಕಾರ್ಖಾನೆ ಬೆಳೆದಷ್ಟೂ ಬೇಡಿಕೆ ಬೆಳೆಯುತ್ತದೆ.

ಪೂರ್ವ ಕರಾವಳಿಯ ಬಂದರುಗಳಿಂದಲೂ ತೋರಣಗಲ್ಲಿಗೆ ಕಲ್ಲಿದ್ದಲು ಬರುತ್ತದೆ. ಪಶ್ಚಿಮದಲ್ಲಿ ಹತ್ತಿರದ ದೊಡ್ಡ ಬಂದರು, ರೈಲು ಸಂಪರ್ಕ ಇರುವಂಥದ್ದು, ಮರ್ಮಗೋವಾ. ತೊಂದರೆ ಇರುವುದು ನಡುವಿನ ಘಟ್ಟದಲ್ಲಿ. ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗಿನ ಏರು 37 ಅಡಿಗೆ ಒಂದು ಅಡಿ. ಅದಿರಿನ ಕಾಲದಲ್ಲಿ ತುಂಬಿದ ರೈಲು ಇಳಿಯುತ್ತಿತ್ತು, ಖಾಲಿ ರೈಲು ಹತ್ತುತ್ತಿತ್ತು. ಕಲ್ಲಿದ್ದಲಿನಲ್ಲಿ ಇದು ತಿರುವುಮುರುವು: ತುಂಬಿದ ರೈಲೇ ಘಟ್ಟ ಹತ್ತಬೇಕು. ಹಿಂದೆ ಮುಂದೆ ಹೆಚ್ಚುವರಿ ಎಂಜಿನ್ ಕಟ್ಟದೆ ಅದು ಕದಲುವುದಿಲ್ಲ. ಒಂದೂವರೆ ಲಕ್ಷ ಟನ್ ಹೊತ್ತ ಒಂದು ದೊಡ್ಡ ಹಡಗನ್ನು ಖಾಲಿ ಮಾಡಲು ಅಂಥ ಸುಮಾರು 40 ರೇಕ್‌ಗಳು, ಅಂದರೆ ಪೂರ್ತಿ ಸರಕು ರೈಲುಗಳು, ಬೇಕು, ಒಂದೊಂದಕ್ಕೂ 58 ವ್ಯಾಗನ್.

ಹೊಸಪೇಟೆ–ತಿನೈಘಾಟ್–ವಾಸ್ಕೋ ಜೋಡಿ ಹಳಿಯ ಯೋಜನೆಗೆ ಗೋವಾದಲ್ಲಿ ಇಷ್ಟು ಸಿಟ್ಟು ಯಾಕೆ ಎಂಬುದು ಈಗ ಅರ್ಥವಾಗುತ್ತದೆ. ಪ್ರಯಾಣಿಕರ ಅನುಕೂಲಕ್ಕೆ ಎಂದು ರೈಲ್ವೆ ಹೇಳಿದರೂ, ಹಳಿ ಪಕ್ಕದ ಊರುಗಳು ಅದನ್ನು ಕಲ್ಲಿದ್ದಲಿನ ದಾರಿ ಎಂದೇ ಓದಿದವು. 2020ರ ನವೆಂಬರ್ ಮೊದಲ ದಿನ ಚಾಂದೋರ್‌ನಲ್ಲಿ ಸಾವಿರಾರು ಜನ ರಾತ್ರಿಯಿಡೀ ಹಳಿಯ ಬಳಿ ಕೂತರು. 2022ರ ಮೇ 9ರಂದು ಸುಪ್ರೀಂ ಕೋರ್ಟ್ ಕ್ಯಾಸಲ್‌ರಾಕ್–ಕುಳೆಂ ಭಾಗಕ್ಕೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ತಳ್ಳಿಹಾಕಿತು. ಮೊಲ್ಲೆಂ ಕಾಡಿನ ಆ ತುಂಡಿನಲ್ಲಿ ಒಂದೇ ಹಳಿ ಇರುವವರೆಗೆ ಬಂದರು ತನ್ನ ಕಡೆ ಎಷ್ಟೇ ಬೆಳೆದರೂ ಘಟ್ಟ ಹತ್ತುವ ಸರಕಿಗೆ ಒಂದು ಮಿತಿ ಇದ್ದೇ ಇರುತ್ತದೆ.

ನೌಕಾಪಡೆ ಜಾಗ ಬಿಡುತ್ತದೆಯೇ?

ಬಿಡುವ ಲಕ್ಷಣ ಇಲ್ಲ. ಮೋಪಾದಲ್ಲಿ 2023ರ ಜನವರಿಯಿಂದ ವಿಮಾನಗಳು ಹಾರುತ್ತಿವೆ, ಕೆಲವು ಅಂತರರಾಷ್ಟ್ರೀಯ ಸೇವೆಗಳು ಅಲ್ಲಿಗೆ ಹೋದವು. ಅದರಿಂದ ದಾಬೋಳಿಯ ನಾಗರಿಕ ಭಾಗಕ್ಕೆ ಏಟು ಬೀಳಬಹುದು. ನೌಕಾಪಡೆಯ ಭಾಗಕ್ಕೆ ಸಂಬಂಧವೇ ಇಲ್ಲ. ಮಿಗ್-29ಕೆ ಯುದ್ಧವಿಮಾನಗಳ ನೆಲೆ ಅದು. ವಿಮಾನವಾಹಕ ನೌಕೆಯ ಮೇಲಿನಿಂದ ಹಾರುವುದನ್ನು ದಡದಲ್ಲೇ ಅಭ್ಯಾಸ ಮಾಡುವ ಇಳಿಜಾರು ಹಾದಿಯೂ ಅಲ್ಲಿದೆ. ಗೋವಾ ಶಿಪ್‌ಯಾರ್ಡ್ ಕೂಡ ಸುಮ್ಮನೆ ಕೂತಿಲ್ಲ: 2024ರ ಜುಲೈನಲ್ಲಿ ಅಲ್ಲಿ ‘ತ್ರಿಪುಟ್’ ಎಂಬ ಯುದ್ಧನೌಕೆ ನೀರಿಗಿಳಿಯಿತು. ಸೀಬರ್ಡ್ ನೌಕಾನೆಲೆಗಾಗಿ ಊರುಗಳು ಎದ್ದುಹೋದದ್ದನ್ನು ಕಂಡ ಕಾರವಾರದವರಿಗೆ ಗೊತ್ತಿರುವಂತೆ, ನೌಕಾಪಡೆ ಜಾಗ ತೆಗೆದುಕೊಂಡ ಕಥೆಗಳು ಇವೆ, ಹಿಂದಿರುಗಿಸಿದ ಕಥೆಗಳು ಅಪರೂಪ.

ಇದರಿಂದ ಆಗುವ ಇನ್ನೊಂದು ಪರಿಣಾಮ ಕಡಲಂಚಿನ ಕನಸುಗಾರರಿಗೆ ಇಷ್ಟವಾಗದು. ರನ್‌ವೇ ಸುತ್ತ ಕಟ್ಟಡದ ಎತ್ತರಕ್ಕೆ ಮಿತಿ ಇದೆ, ನೌಕಾಪಡೆಯ ಒಪ್ಪಿಗೆ ಪತ್ರ ಬೇಕು. ಮುಂಬೈ ಮಾದರಿಯ ಮುಗಿಲೆತ್ತರದ ಗೋಪುರಗಳು ಇಲ್ಲಿ ಏಳಲಾರವು. ಹಾಗಾದರೆ ಲಾಭ ಎಲ್ಲಿಂದ ಬರಬೇಕು? ಹೋಟೆಲು, ಮರೀನಾ (ವಿಹಾರ ದೋಣಿಗಳ ತಂಗುದಾಣ), ಸಭಾಭವನ, ಅಂಗಡಿ ಸಾಲು. ಅಂದರೆ ಎತ್ತರದ ಬದಲು ಅಗಲ. ಅಗಲಕ್ಕೆ ಜಾಗ ಬೇಕಾದಾಗ ಮೊದಲು ಕಣ್ಣು ಬೀಳುವುದು ಅಂಚಿನ ವಸತಿಗಳ ಮೇಲೆ.

ಹೂಳೆತ್ತುವ ಆಳ ಹೇಳುವ ಸತ್ಯ

ಕ್ರೂಸ್ ಹಡಗು ವಾಸ್ಕೋಗೆ ಹೊಸದಲ್ಲ, ವರ್ಷಗಳಿಂದ ಬರುತ್ತಿವೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕ್ರೂಸ್ ಭಾರತ ಅಭಿಯಾನ ಘೋಷಿಸಿ, 2029ರೊಳಗೆ ಪ್ರಯಾಣಿಕರ ಸಂಖ್ಯೆ ಎರಡು ಪಟ್ಟು ಮಾಡುವ ಗುರಿ ಇಟ್ಟಿತು. ಟರ್ಮಿನಲ್ ಆ ಗುರಿಯ ಭಾಗ. ಪರವಾಗಿರುವವರ ವಾದದಲ್ಲಿ ಹುರುಳಿದೆ: ಪ್ರವಾಸಿಗರು ಬಂದರೆ ಟ್ಯಾಕ್ಸಿ, ಊಟ, ಅಂಗಡಿಗೆ ದುಡ್ಡು, ಊರಿನ ಹೆಸರು ಧೂಳಿನಿಂದ ಬಿಡಿಸಿಕೊಳ್ಳುತ್ತದೆ. ಆದರೆ ಮಳೆಗಾಲದಲ್ಲಿ ಕ್ರೂಸ್ ಇಲ್ಲ. ಬೆಳಗ್ಗೆ ಇಳಿದವರು ಸಂಜೆಗೆ ಹಡಗು ಸೇರಬೇಕು. ಬಂದರಿನ ಗೇಟಿನಿಂದಲೇ ಬಸ್ಸು ಹತ್ತಿ ಹಳೇ ಗೋವಾ, ಪಣಜಿ ನೋಡಿ ವಾಪಸಾಗುವ ಪ್ರವಾಸಿ ವಾಸ್ಕೋದಲ್ಲಿ ಒಂದು ಚಹಾ ಕುಡಿದರೆ ಪುಣ್ಯ. ಟ್ಯಾಕ್ಸಿ ದಂಧೆಗೂ ಸ್ಥಳೀಯ ವಾಸದ ಪ್ರಮಾಣಪತ್ರ, ಬ್ಯಾಡ್ಜು, ಸಂಘದ ಒಪ್ಪಿಗೆ ಬೇಕಾದಲ್ಲಿ ವಲಸೆ ಬಂದ ಕುಟುಂಬದ ಹುಡುಗ ಬಾಗಿಲಲ್ಲೇ ನಿಲ್ಲುತ್ತಾನೆ.

ಬಂದರಿನ ಮನಸ್ಸು ನಿಜವಾಗಿ ಎತ್ತ ಇದೆ ಎಂದು ತಿಳಿಯಲು ಭಾಷಣ ಕೇಳುವುದಕ್ಕಿಂತ ಹಡಗು ಬಂದು ಹೋಗುವ ಕಾಲುವೆಯ ಆಳ ನೋಡುವುದು ಮೇಲು. ಎಷ್ಟೇ ದೊಡ್ಡ ಕ್ರೂಸ್ ಹಡಗಾದರೂ ನೀರಿನೊಳಗೆ ಮುಳುಗಿರುವ ಭಾಗ 10 ಮೀಟರ್ ಆಸುಪಾಸು. ಕಲ್ಲಿದ್ದಲು ತುಂಬಿದ, ಅತಿ ದೊಡ್ಡ ಸರಕು ಹಡಗುಗಳ ವರ್ಗದ ಕೇಪ್‌ಸೈಜ್ ಹಡಗಿಗೆ 18 ಮೀಟರ್ ಆಸುಪಾಸು ಬೇಕು. ಮರ್ಮಗೋವಾ ತನ್ನ ಕಾಲುವೆಯನ್ನು 14.4 ಮೀಟರಿನಿಂದ 19.8 ಮೀಟರಿಗೆ ಆಳಗೊಳಿಸಲು ಹೊರಟಿತ್ತು. ಸಾರ್ವಜನಿಕ ಅಹವಾಲು ಸಭೆ ಇಲ್ಲದೆಯೇ ಅದಕ್ಕೆ ಪರಿಸರ ಅನುಮತಿ ಸಿಕ್ಕಿತು. ವಾಸ್ಕೋದ ಮೀನುಗಾರರು ಹಸಿರು ನ್ಯಾಯಮಂಡಳಿಗೆ ಹೋದರು, 2016ರಲ್ಲಿ ಅನುಮತಿ ರದ್ದಾಯಿತು. 2017ರ ಬೇಸಿಗೆಯಲ್ಲಿ ಹೂಳೆತ್ತುವ ಕೆಲಸವೂ ಸೇರಿ ಬಂದರಿನ ವಿಸ್ತರಣೆ ಯೋಜನೆಗಳ ಬಗ್ಗೆ ವಾಸ್ಕೋದಲ್ಲಿ ಅಹವಾಲು ಸಭೆ ಕರೆಯಬೇಕಾಗಿ ಬಂತು. ದಿನಗಟ್ಟಲೆ ನಡೆದ ಆ ಸಭೆಗಳಲ್ಲಿ ಎದ್ದುನಿಂತವರಲ್ಲಿ ಬಹುತೇಕರು ವಿರೋಧವನ್ನೇ ದಾಖಲಿಸಿದರು.

ಕ್ರೂಸ್‌ಗಾಗಿ ಯಾರೂ 19.8 ಮೀಟರ್ ತೋಡುವುದಿಲ್ಲ. ಮುಂದೆ ಯಾವ ಹೆಸರಿನಲ್ಲಿ ಆಳದ ಪ್ರಸ್ತಾವ ಬಂದರೂ ಈ ಅಂಕಿ ನೆನಪಿಟ್ಟುಕೊಂಡರೆ ಸಾಕು. ಸದ್ಯಕ್ಕೆ ಬಂದರಿನ ಎದುರು ಇರುವ ದಾರಿ ಎರಡನ್ನೂ ಜೊತೆಗೆ ನಡೆಸುವುದು: ಒಂದು ತುದಿಯಲ್ಲಿ ಪ್ರವಾಸಿಗರು, ಇನ್ನೊಂದು ತುದಿಯಲ್ಲಿ ಕಲ್ಲಿದ್ದಲು. ಸರಕಿನಿಂದ ಟನ್ ಲೆಕ್ಕದಲ್ಲಿ ಬರುವ ಆದಾಯವನ್ನು ಬಿಟ್ಟು ಬರೀ ಪ್ರಯಾಣಿಕರ ಶುಲ್ಕದ ಮೇಲೆ ಬಂದರು ನಡೆಯುವುದಿಲ್ಲ.

ನೆಲದ ಮೇಲೆ ಯಾರ ಮಾತು ನಡೆಯುತ್ತದೆ

2021ರ ಪ್ರಮುಖ ಬಂದರು ಪ್ರಾಧಿಕಾರಗಳ ಕಾಯ್ದೆ 1963ರ ಹಳೆಯ ಕಾಯ್ದೆಯ ಜಾಗಕ್ಕೆ ಬಂತು. ಟ್ರಸ್ಟ್ ಹೋಗಿ ಪ್ರಾಧಿಕಾರ ಆಯಿತು ಎಂದಷ್ಟೇ ಪತ್ರಿಕೆಗಳಲ್ಲಿ ಬಂದದ್ದು. ಒಳಗಿನ ಬದಲಾವಣೆ ದೊಡ್ಡದು. ಬಂದರಿನ ಮಿತಿಯೊಳಗಿನ ನೆಲಕ್ಕೆ ಪ್ರಾಧಿಕಾರವೇ ಮಾಸ್ಟರ್ ಪ್ಲಾನ್ ಮಾಡಬಹುದು, ಸ್ಥಳೀಯ ಯೋಜನೆಯ ಜೊತೆ ತಿಕ್ಕಾಟ ಬಂದರೆ ಬಂದರಿನ ಪ್ಲಾನ್ ಮೇಲುಗೈ. ವಾಸ್ಕೋಗೆ ಊರಿನ ಯೋಜನೆ ಮಾಡಲೆಂದು ಮರ್ಮಗೋವಾ ಯೋಜನೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಇದೆ. ಅದು ನಕಾಶೆಯಲ್ಲಿ ಉದ್ಯಾನ ಎಂದು ಬರೆದ ಜಾಗದಲ್ಲಿ ಬಂದರು ಗೋದಾಮು ಎಂದು ಬರೆದರೆ ನಿಲ್ಲುವುದು ಗೋದಾಮು. ಬಂದರಿನ ಮಿತಿ ವಾಸ್ಕೋದಲ್ಲೇ ಮುಗಿಯುವುದಿಲ್ಲ ಎಂಬುದಕ್ಕೆ ಜುವಾರಿಯ ಆಚೆ ದಡದ ನಾವ್ಶಿಯಲ್ಲಿ ಎದ್ದ ಮರೀನಾ ವಿವಾದ ಸಾಕ್ಷಿ. ಅಲ್ಲಿನ ಮೀನುಗಾರರೂ ಬೀದಿಗಿಳಿಯಬೇಕಾಯಿತು.

ಕರಾವಳಿ ನಿಯಂತ್ರಣ ನಿಯಮದಲ್ಲೂ ಒಂದು ಸೂಕ್ಷ್ಮ ಇದೆ. ದಡವಿಲ್ಲದೆ ನಡೆಯಲಾಗದ ಚಟುವಟಿಕೆಗೆ ಅಲ್ಲಿ ಅವಕಾಶ: ಬಂದರು, ಜೆಟ್ಟಿ, ಟರ್ಮಿನಲ್. ಮೀನುಗಾರ ಸಮುದಾಯದ ಮನೆಗಳಿಗೆ ವಿಶೇಷ ರಿಯಾಯಿತಿ. ಅದೇ ಮರಳಿನ ಮೇಲಿರುವ ಕೂಲಿಕಾರನ ಮನೆಗೆ ಇವೆರಡರ ಆಸರೆಯೂ ಇಲ್ಲ. ಖಾರೀವಾಡೊದ ಮೀನುಗಾರ ಕೋರ್ಟಿಗೆ ಹೋದಾಗ ಅವನ ಕೈಯಲ್ಲಿ ತಲೆಮಾರುಗಳ ವೃತ್ತಿಯ ಹಕ್ಕು ಇರುತ್ತದೆ. ಬೈನಾದ ಲಮಾಣಿ ಕುಟುಂಬದ ಕೈಯಲ್ಲಿ ಇರುವುದು ಮತದಾರರ ಚೀಟಿ, ಕರೆಂಟ್ ಬಿಲ್ಲು.

ಬೈನಾದ ಅನುಭವ, ಮುಂಬೈ ಗಿರಣಿಗಳ ಪಾಠ

ಹೈಕೋರ್ಟಿನ ಆದೇಶದ ಬೆನ್ನಿಗೆ 2004ರ ಜೂನ್‌ನಲ್ಲಿ, ಮಳೆ ಹಿಡಿದಿದ್ದ ಹೊತ್ತಿನಲ್ಲಿ, ಬೈನಾದ ವೇಶ್ಯಾವಾಟಿಕೆ ತೆರವು ಎಂಬ ಹೆಸರಿನಲ್ಲಿ ಬುಲ್ಡೋಜರ್ ಬಂತು. ಆ ದಂಧೆಗೆ ಸಂಬಂಧವೇ ಇಲ್ಲದ ಕನ್ನಡಿಗ ಕೂಲಿಕಾರರ ಮನೆಗಳೂ ನೆಲಸಮವಾದವು ಎಂದು ಕರ್ನಾಟಕದಲ್ಲಿ ದೊಡ್ಡ ಗದ್ದಲ ಎದ್ದಿತು. 2015ರಲ್ಲಿ ತೀರದ ಮನೆಗಳಿಗೆ ಮತ್ತೆ ಯಂತ್ರ ಹೋಯಿತು. ಬಂದರಿಗೆ ಹೋಗುವ ಹೆದ್ದಾರಿಗೆ ಜಾಗ ಬೇಕು, ತೀರ ಸ್ವಚ್ಛವಾಗಬೇಕು, ಕಡಲ ಕೊರೆತದ ಅಪಾಯ ಇದೆ: ಒಂದೊಂದು ಸಲ ಒಂದೊಂದು ಕಾರಣ. ಯಾವ ಕಾರಣವೂ ಪೂರ್ತಿ ಸುಳ್ಳಲ್ಲ ಎಂಬುದೇ ತೊಡಕು.

ಜಾಗ ಬಂದರಿನದಾದರೆ ತೆರವಿಗೆ ಬಳಕೆಯಾಗುವುದು 1971ರ ಸಾರ್ವಜನಿಕ ಆವರಣಗಳ ಕಾಯ್ದೆ. ಬಂದರಿನದೇ ಎಸ್ಟೇಟ್ ಅಧಿಕಾರಿ ನೋಟಿಸು ಕೊಡುತ್ತಾರೆ, ವಿಚಾರಣೆ ನಡೆಸುತ್ತಾರೆ, ಆದೇಶವನ್ನೂ ಅವರೇ ಹೊರಡಿಸುತ್ತಾರೆ. ಮೇಲ್ಮನವಿ ಜಿಲ್ಲಾ ನ್ಯಾಯಾಧೀಶರಿಗೆ, 12 ದಿನದೊಳಗೆ. ಗೋವಾ ಸರ್ಕಾರ 2025ರಲ್ಲಿ ‘ಮ್ಹಜೆ ಘರ್’ ಎಂದು ಸರ್ಕಾರಿ ಜಾಗದ ಹಳೆಯ ಮನೆಗಳನ್ನು ಸಕ್ರಮ ಮಾಡುವ ಯೋಜನೆ ತಂದಿದೆ, 2014ರ ಫೆಬ್ರವರಿ 28ಕ್ಕೆ ಮೊದಲಿನ ಮನೆಗಳಿಗೆ. ಇದನ್ನು ಕೇಳಿ ವಾಸ್ಕೋದ ಹಲವರು ನಿಟ್ಟುಸಿರು ಬಿಟ್ಟರು. ಆದರೆ ರಾಜ್ಯದ ಕಂದಾಯ ಕಾನೂನು ರಾಜ್ಯದ ನೆಲಕ್ಕೆ ಅನ್ವಯಿಸೀತು, ಕೇಂದ್ರದ ಬಂದರು ನೆಲಕ್ಕಲ್ಲ. ಸರ್ವೆ ನಂಬರಿನ ಒಡೆಯ ಯಾರೆಂದು ನೋಡದೆ ಅರ್ಜಿ ತುಂಬಿದರೆ, ‘ನಾವು ಅತಿಕ್ರಮಣದಾರರು’ ಎಂದು ನಾವೇ ಬರೆದುಕೊಟ್ಟಂತಾಗುವ ಅಪಾಯವೂ ಇದೆ.

ಮುಂಬೈ ಕನ್ನಡಿಗರಿಗೆ ಈ ಕಥೆಯ ಇನ್ನೊಂದು ರೂಪ ಗೊತ್ತು. 1982ರ ಜನವರಿಯಲ್ಲಿ ದತ್ತಾ ಸಾಮಂತ್ ನೇತೃತ್ವದಲ್ಲಿ ಶುರುವಾದ ಮುಷ್ಕರದ ನಂತರ ಬಟ್ಟೆ ಗಿರಣಿಗಳು ಮತ್ತೆ ಮೊದಲಿನಂತಾಗಲಿಲ್ಲ. 1991ರ ನಿಯಮ ಗಿರಣಿಯ ನೆಲವನ್ನು ಮೂರು ಪಾಲು ಮಾಡಿತ್ತು: ಒಂದು ಮಾಲೀಕರಿಗೆ, ಒಂದು ನಗರದ ಬಯಲಿಗೆ, ಒಂದು ಸಾರ್ವಜನಿಕ ವಸತಿಗೆ. 2001ರಲ್ಲಿ ತಿದ್ದುಪಡಿಯೊಂದು ಸದ್ದಿಲ್ಲದೆ ಬಂತು: ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ ಪಾಲಿಗೆ ಹಿಡಿಯಬೇಕು. ಗಿರಣಿಯ ನೆಲದ ತುಂಬ ಕಟ್ಟಡವೇ ಇರುವಾಗ ಖಾಲಿ ಎಷ್ಟು ಉಳಿದೀತು? ಬಯಲು, ವಸತಿ ಎರಡರ ಪಾಲೂ ಚೂರಾಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಲೋವರ್ ಪರೇಲ್ ಇಂದು ಹೀಗಿರುವುದರ ಹಿಂದೆ ಆ ಒಂದು ಸಾಲಿನ ಕೈವಾಡ ಇದೆ. ಮುಂಬೈ ಬಂದರಿನ ಪೂರ್ವ ಕರಾವಳಿಯ ಸಾವಿರ ಹೆಕ್ಟೇರಿಗೆ ಹತ್ತಿರದ ಜಾಗಕ್ಕೂ 2018ರಿಂದ ಬಂದರೇ ಯೋಜನಾ ಪ್ರಾಧಿಕಾರ. ಆದರೂ ಮಹಾರಾಷ್ಟ್ರದಲ್ಲಿ 2000ದ ಜನವರಿ 1ಕ್ಕೆ ಮೊದಲಿನ ಜೋಪಡಿಗೆ ಬದಲಿ ಮನೆ ಎಂಬ ಒಂದು ಹಿಡಿಕೆ ಇದೆ; ಬಂದರಿನ ನೆಲದಲ್ಲಿ ಅಲ್ಲೂ ಅದು ಸುಲಭವಾಗಿ ಸಿಕ್ಕಿಲ್ಲ. ಗೋವಾದಲ್ಲಿ ಅಂಥ ಹಿಡಿಕೆಯೇ ಇಲ್ಲ.

ಕಲ್ಲಿದ್ದಲು ವಾಸ್ಕೋ ಬಿಟ್ಟರೆ ಎಲ್ಲಿಗೆ ಹೋಗುತ್ತದೆ

ಗೋವಾದ ಚಳವಳಿಗಾರರು ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ, ಅದು ಅವರ ಹೊಣೆಯಲ್ಲ. ಕನ್ನಡಿಗರು ಮಾತ್ರ ಕೇಳಿಕೊಳ್ಳಲೇಬೇಕು. ಅಂಕೋಲಾದ ಕೇಣಿಯಲ್ಲಿ ಹೊಸ ಆಳಸಮುದ್ರ ಬಂದರು ಕಟ್ಟುವ ಗುತ್ತಿಗೆ 2023ರಲ್ಲಿ ಜೆಎಸ್‌ಡಬ್ಲ್ಯು ಸಮೂಹಕ್ಕೆ ಸಿಕ್ಕಿದೆ, ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯದ್ದು. ಅಲ್ಲಿನ ಮೀನುಗಾರರು ಬೇಡ ಎನ್ನುತ್ತಿದ್ದಾರೆ. ದಶಕಗಳಿಂದ ಕಾಡಿನ ಕಾರಣಕ್ಕೆ ನಿಂತಿರುವ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಪೂರ್ತಿಯಾಗುತ್ತದೆ. ವಾಸ್ಕೋದಲ್ಲಿ ಮಿತಿ ಬಿಗಿಯಾದಷ್ಟೂ ಕೇಣಿಯ ಮೇಲೆ ಒತ್ತಡ ಹೆಚ್ಚುತ್ತದೆ, ಮೊಲ್ಲೆಂ ಕಾಡಿನಲ್ಲಿ ಹಳಿ ನಿಂತಷ್ಟೂ ಉತ್ತರ ಕನ್ನಡದ ಕಾಡಿನ ಕಡೆ ಕಣ್ಣು ಹೊರಳುತ್ತದೆ. ಗೋವಾದ ಚಾಂದೋರ್ ಮತ್ತು ಅಂಕೋಲಾದ ಕೇಣಿ ಬೇರೆ ಬೇರೆ ಭಾಷೆಯಲ್ಲಿ ಒಂದೇ ಸರಕಿನ ವಿರುದ್ಧ ಮಾತಾಡುತ್ತಿವೆ ಎಂಬುದು ನನ್ನ ಓದು. ಕುಲುಮೆಯ ತಂತ್ರಜ್ಞಾನ ಬದಲಾಗದೆ ಸರಕು ಕರಗುವುದಿಲ್ಲ, ದಾರಿ ಬದಲಿಸುತ್ತದೆ ಅಷ್ಟೇ. ಉಕ್ಕಿನ ಕೆಲಸವನ್ನೇ ನಂಬಿ ಬಳ್ಳಾರಿ ಕಡೆ ಬದುಕುತ್ತಿರುವ ಕುಟುಂಬಗಳೂ ಕನ್ನಡಿಗರವೇ ಎಂಬುದನ್ನು ಈ ಚರ್ಚೆಯಲ್ಲಿ ಯಾರೂ ಹೇಳುವುದಿಲ್ಲ.

ಕಣ್ಣಿಡಬೇಕಾದ ಕಾಗದಗಳು

5ಎ, 6ಎ ಬರ್ತ್‌ಗಳ ಕರಾರು 1999ರದು. 30 ವರ್ಷ ಎಂದರೆ 2029ಕ್ಕೆ ಮುಗಿಯುತ್ತದೆ. ಟರ್ಮಿನಲ್ಲಿನ ರಿಬ್ಬನ್ ಯಾವಾಗ ಕತ್ತರಿಸುತ್ತಾರೆ ಎಂಬುದಕ್ಕಿಂತ ಈ ವರ್ಷ ಮುಖ್ಯ. ಆ ಬರ್ತ್‌ಗಳನ್ನು ಮತ್ತೆ ಕಲ್ಲಿದ್ದಲಿಗೇ ಹರಾಜು ಹಾಕುತ್ತಾರೋ, ಬೇರೆ ಸರಕಿಗೋ, ಅವಧಿ ವಿಸ್ತರಿಸುತ್ತಾರೋ ಎಂಬ ತೀರ್ಮಾನದ ಸಿದ್ಧತೆ ಅದಕ್ಕೂ ಮೊದಲೇ ಕಡತಗಳಲ್ಲಿ ಶುರುವಾಗಬೇಕು. ಕಲ್ಲಿದ್ದಲು ಬೇಡ ಎನ್ನುವವರಿಗೆ ಕಾನೂನಿನ ಜಗಳವಿಲ್ಲದೆ ಸಿಗುವ ಹತ್ತಿರದ ಅವಕಾಶ ಇದು. 7ನೇ ಬರ್ತ್‌ನ ಕರಾರು 2009ರದಾದ್ದರಿಂದ ಅಲ್ಲಿ ಇನ್ನೂ ಹತ್ತು ವರ್ಷ ಹೆಚ್ಚು ಕಾಯಬೇಕು.

ಬಂದರಿನ ಮಾಸ್ಟರ್ ಪ್ಲಾನ್ ಎರಡನೆಯದು. ಅದರಲ್ಲಿ ಬೈನಾ ಕಡೆಯ, ಸಡಾ ಇಳಿಜಾರಿನ ಸರ್ವೆ ನಂಬರುಗಳಿಗೆ ಯಾವ ಬಣ್ಣ ಬಳಿದಿದ್ದಾರೆ ಎಂದು ನೋಡಬೇಕು. ಪುನರ್ವಸತಿ ಎಂಬ ಪದ ಅದರಲ್ಲಿ ಎಲ್ಲೂ ಇಲ್ಲದಿದ್ದರೆ, ಆಮೇಲೆ ಬಾಯಿಮಾತಿನಲ್ಲಿ ಕೊಟ್ಟ ಭರವಸೆಗೆ ಬೆಲೆ ಇಲ್ಲ.

ಮೂರನೆಯದು ಪರಿಸರ ಅನುಮತಿಯ ಅಹವಾಲು ಸಭೆ. 2006ರ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಗೋವಾದಲ್ಲಿ ಸ್ಥಳೀಯ ಭಾಷೆ ಎಂದರೆ ಕೊಂಕಣಿ. ಬೈನಾದ ಬಹಳ ಹಿರಿಯರಿಗೆ ಓದಲು ಬರುವುದು ಕನ್ನಡ ಮಾತ್ರ, ಕೆಲವರಿಗೆ ಅದೂ ಬರುವುದಿಲ್ಲ. ಸಾರಾಂಶವನ್ನು ಕನ್ನಡಕ್ಕೆ ಮಾಡಿ ಓಣಿಯಲ್ಲಿ ಓದಿ ಹೇಳುವ ಕೆಲಸ ವಾಸ್ಕೋದ ಕನ್ನಡ ಸಂಘಗಳ ಕೈಯಲ್ಲೇ ಇದೆ. ರಾಜ್ಯೋತ್ಸವದ ಪೆಂಡಾಲಿಗಿಂತ ಖರ್ಚು ಕಡಿಮೆ. ಲಿಖಿತ ಆಕ್ಷೇಪಣೆಯನ್ನು ಗೋವಾ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬಹುದು, ಸಭೆಯಲ್ಲಿ ಎದ್ದುನಿಂತೂ ಹೇಳಬಹುದು. ಹೇಳಿದ್ದು ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ಅಲ್ಲೇ ನಿಂತು ಓದಿಸಿಕೊಳ್ಳಬೇಕು. ಮುಂದೆ ಕೋರ್ಟಿನ ಮುಂದೆ ಹೋಗುವುದು ಆ ದಾಖಲೆಯೇ.